ಕತ್ತಲಾದರೂ ಗೋಡೆ ಯಾಕೆ ಆರುವುದಿಲ್ಲ

"ಇವತ್ತಿನ ಬಿಸಿ ನಿನ್ನ ಹತ್ರಾನೇ ಇಟ್ಕೊಳಯ್ಯ. ನನ್ನ ಕೈಲಿ ತಗೊಳ್ಳೋಕೆ ಆಗ್ತಿಲ್ಲ."

ಕೆರೆ ತನ್ನ ಗಂಡನಿಗೆ ಕೊನೆಗೆ ಹೇಳಿದ ಮಾತು ಇದು. ಅವಳ ಗಂಡ ಬಂಡೆ. ಬೆಟ್ಟದಷ್ಟು ದೊಡ್ಡ ಬಂಡೆ.

ಅವಳು ಯಾಕೆ ಹಾಗಂದಳು? ಅದನ್ನು ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು ಮಗು.

ಆಗ ಲೋಕ ಇನ್ನೂ ಹಸಿಯಾಗಿತ್ತು. ಒತ್ತಿದರೆ ಬೆರಳಿನ ಗುರುತು ಮೂಡುವಷ್ಟು ಹಸಿ. ಆಗಲೇ ಬಂಡೆ ಎದ್ದು ನಿಂತ. ಅವನ ಕಾಲ ಬುಡದಲ್ಲಿ ಕೆರೆ ಬಂದು ಕೂತಳು. ಇಬ್ಬರೂ ಅಲ್ಲೇ ಸಂಸಾರ ಹೂಡಿದರು.

ಹಗಲೆಲ್ಲ ಸೂರ್ಯ ಬಂಡೆಯ ಬೆನ್ನಿನ ಮೇಲೆ ಬಿಸಿಲು ಹೇರುತ್ತಿದ್ದ. ಬಂಡೆ ಹೊರುತ್ತಿದ್ದ. ಸಂಜೆಯಾದರೆ ಗಾಳಿ ಬರುತ್ತಿದ್ದ. ಗಾಳಿ ಕೆರೆಯ ತಮ್ಮ. ದೊಡ್ಡ ಬಾಯಿಬಡುಕ.

"ಏನ್ ಭಾವ, ಕೂತಲ್ಲೇ ಕೂತು ಬೆಂದೋಗಿದ್ದೀಯ. ಕೊಡು ಇತ್ಲಾಗೆ. ಅಕ್ಕ ಕಾಯ್ತಾವ್ಳೆ."

"ತಗೊಂಡ್ಹೋಗು. ದಾರೀಲಿ ಚೆಲ್ಲಬೇಡ."

"ಚೆಲ್ಲಿದ್ರೇನು, ನಿಮ್ಮಪ್ಪನ ಮನೆ ಗಂಟಾ?"

ಗಾಳಿ ಬಿಸಿಯನ್ನು ಹೊತ್ತುಕೊಂಡು ಕೆರೆಯ ಹತ್ತಿರ ಹೋಗುತ್ತಿದ್ದ. ಕೆರೆ ಅದನ್ನು ನೀರಿನಲ್ಲಿ ಅದ್ದಿ ಆರಿಸುತ್ತಿದ್ದಳು. ಅದರ ಬದಲಿಗೆ ತಂಪು ಕಳಿಸುತ್ತಿದ್ದಳು. ರಾತ್ರಿ ಬಂಡೆಯ ಮೈ ತಣ್ಣಗಾಗುತ್ತಿತ್ತು. ಮೊಲದ ಮರಿಗಳು ಅವನ ಮೇಲೆ ಹೊಟ್ಟೆ ಒತ್ತಿ ಮಲಗುತ್ತಿದ್ದವು.

ದಿನಾ ಹೀಗೇ ಇತ್ತು.

ಆಮೇಲೆ ಮನುಷ್ಯರು ಬಂದರು. ಮೊದಲು ಬಂದವಳು ಕೆಂಚಜ್ಜಿ. ಅವಳಿಗೆ ರಾಗಿ ಬೀಸಲು ಕಲ್ಲು ಬೇಕಿತ್ತು.

"ಬಂಡೆಪ್ಪಾ, ಬೀಸೋಕೊಂದು ಕಲ್ಲು ಕೊಡ್ತೀಯಾ?" ಅಂತ ಕೇಳಿದಳು. ಕೇಳಿ ಸುಮ್ಮನೆ ಕೂತಳು.

ಬಂಡೆಗೆ ತಲೆ ಆಡಿಸಲು ಬರುವುದಿಲ್ಲ. ಅವನ ನೆತ್ತಿಯ ಮೇಲೆ ಒಂದು ಓತಿಕೇತ ಇರುತ್ತಿತ್ತು. ಬಂಡೆ ಒಳಗೇ ಹೂಂ ಅಂದರೆ ಅದರ ಹೊಟ್ಟೆಗೆ ಗೊತ್ತಾಗುತ್ತಿತ್ತು. ಆಗ ಅದು ತಲೆ ಆಡಿಸುತ್ತಿತ್ತು. ಅದು ತಲೆ ಆಡಿಸಿದರೆ ಕಲ್ಲು ತಗೊಳ್ಳಬಹುದು. ಆಡಿಸದಿದ್ದರೆ ಎದ್ದು ಮನೆಗೆ ಹೋಗಬೇಕು. ಅದು ನೇಮ.

ಅಜ್ಜಿ ಕಾದಳು. ಬಿಸಿಲು ಇಳಿಯಿತು. ಓತಿಕೇತ ತಲೆ ಆಡಿಸಿತು. ಅಜ್ಜಿ ಒಂದೇ ಕಲ್ಲು ತಗೊಂಡಳು. ಹೋಗುತ್ತಾ ಕೆರೆಗೆ ಹೇಳಿದಳು, "ನಿನ್ನ ಗಂಡ ಒಳ್ಳೇವ್ನು ಕಣವ್ವ."

"ಹೊಗಳಬೇಡಜ್ಜಿ, ಉಬ್ಬೋಗ್ತಾನೆ. ಆಮೇಲೆ ನನಗೇ ಜಾಗ ಇರಲ್ಲ" ಅಂದಳು ಕೆರೆ. ಬಂಡೆ ನಕ್ಕ. ಬಂಡೆ ನಕ್ಕರೆ ಯಾರಿಗೂ ಕಾಣುವುದಿಲ್ಲ. ಅವಳಿಗೆ ಕಾಣುತ್ತಿತ್ತು.

ಎಷ್ಟೋ ಕಾಲವಾದ ಮೇಲೆ ಅಟ್ಟದಯ್ಯ ಬಂದ. ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಅವನು ಮನೆ ಕಟ್ಟಿದ. ಮನೆಯ ಮೇಲೆ ಅಟ್ಟ ಕಟ್ಟಿದ. ಅಟ್ಟದ ಮೇಲೆ ಇನ್ನೊಂದು ಅಟ್ಟ. ಮೋಡ ತಲೆಗೆ ತಾಗಿತು, ಆದರೂ ನಿಲ್ಲಿಸಲಿಲ್ಲ. ಅವನನ್ನು ನೋಡಿ ಎಲ್ಲರೂ ಶುರು ಮಾಡಿದರು. ಊರು ಉದ್ದಕ್ಕೆ ಬೆಳೆಯಿತು, ಅಗಲಕ್ಕೆ ಬೆಳೆಯಿತು, ಸಾಲದು ಅಂತ ಮೇಲಕ್ಕೂ ಬೆಳೆಯಿತು.

ಅಷ್ಟಕ್ಕೆಲ್ಲ ಕಲ್ಲು ಬೇಕಲ್ಲ. ಅಟ್ಟದಯ್ಯ ಬಂಡೆಯನ್ನು ಕೇಳಿದ. ಓತಿಕೇತ ತಲೆ ಆಡಿಸಲಿಲ್ಲ.

"ನಾನೇನು ಒಂದು ಹಲ್ಲಿಗೆ ಕೈ ಮುಗ್ಕೊಂಡು ಕೂರಬೇಕಾ?" ಅಂತ ಹೋದ.

ಮಾರನೆಯ ದಿನ ಅವನೇ ಒಂದು ಓತಿಕೇತ ತಂದ. ಅದರ ಕತ್ತಿಗೆ ದಾರ ಕಟ್ಟಿತ್ತು. ಬಂಡೆಯ ಮೇಲೆ ಕೂರಿಸಿ ದಾರ ಎಳೆದ. ತಲೆ ಆಡಿತು. ಬಿಟ್ಟ. ಮತ್ತೆ ಎಳೆದ. ಮತ್ತೆ ಆಡಿತು.

"ನೋಡ್ರಪ್ಪಾ, ಒಪ್ಪಿಗೆ ಆಯ್ತು. ಎಲ್ರೂ ನೋಡಿದ್ರಿ ತಾನೆ?"

ಎಲ್ಲರೂ ನೋಡಿದರು. ದಾರವನ್ನೂ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಅವರಿಗೂ ಅಟ್ಟ ಬೇಕಿತ್ತು.

"ನಾನು ಹೂಂ ಅಂದಿಲ್ಲ" ಅಂದ ಬಂಡೆ. ಕೇಳುವವರು ಯಾರು? ಅವನ ಮೈಯಲ್ಲಿ ಗುಂಡಿ ಕೊರೆದರು. ಮದ್ದು ತುಂಬಿದರು. ಸಿಡಿಸಿದರು. ಬಂಡೆ ಕಲ್ಲಾದ, ಜಲ್ಲಿಯಾದ, ಪುಡಿಯಾದ. ಗೋಡೆಯೊಳಗೆ ಹೋದ. ಕಂಬದೊಳಗೆ ಹೋದ.

ಕಲ್ಲು ಒಡೆದರೆ ಸಾಯುವುದಿಲ್ಲ ಮಗು. ಎಲ್ಲೆಲ್ಲಿ ಇಟ್ಟರೋ ಅಲ್ಲೆಲ್ಲ ಬಂಡೆ ಇದ್ದ. ಅಷ್ಟೆತ್ತರದಿಂದಲೂ ಕೆರೆಯನ್ನೇ ನೋಡುತ್ತಿದ್ದ.

ಸಂಜೆ ಗಾಳಿ ಬರುವುದು ಬಿಡಲಿಲ್ಲ.

"ಭಾವ, ಊರ ತುಂಬ ಹರಡ್ಕೊಂಡಿದ್ದೀಯ. ಸಂದೀಲಿ ನುಗ್ಗಿ ನುಗ್ಗಿ ನನ್ನ ಮಂಡಿ ಕಿತ್ತೋಯ್ತು."

"ಬೈಕೊಂಡೇ ತಗೊಂಡ್ಹೋಗು. ಅವಳು ಕಾಯ್ತಾಳೆ."

ಅವಳು ಕಾಯುತ್ತಿದ್ದಳು. ಬಿಸಿ ಮೊದಲಿಗಿಂತ ಜಾಸ್ತಿ ಇತ್ತು. ಆದರೂ ಆರಿಸಿ ಕಳಿಸುತ್ತಿದ್ದಳು. ಊರೆಲ್ಲ ತಣ್ಣಗೆ ಮಲಗುತ್ತಿತ್ತು. ಅಟ್ಟದಯ್ಯನೂ ಅವಳ ತಂಪಿನಲ್ಲೇ ಗೊರಕೆ ಹೊಡೆಯುತ್ತಿದ್ದ.

ಒಂದು ದಿನ ಅವನು ಮೇಲಿನ ಅಟ್ಟದಲ್ಲಿ ನಿಂತು ಕೆಳಗೆ ನೋಡಿದ.

"ಇಷ್ಟು ಜಾಗ ಸುಮ್ನೆ ಒದ್ದೆಯಾಗಿ ಬಿದ್ದದಲ್ಲ!"

ದಾರದ ಓತಿಕೇತವನ್ನು ಕೆರೆಯ ದಡದಲ್ಲಿ ಕೂರಿಸಿದ. ಎಳೆದ. ಒಪ್ಪಿಗೆ ಆಯ್ತು ಅಂದ.

ಕೆರೆಯನ್ನು ಮುಚ್ಚಲು ಏನು ತಂದರು ಗೊತ್ತಾ? ಬಂಡೆಯನ್ನೇ ತಂದರು. ಕಟ್ಟಿ ಮಿಕ್ಕಿದ ಚೂರು, ಪುಡಿ. ಲಾರಿಗಟ್ಟಲೆ ತಂದು ಸುರಿದರು. ಅವಳ ಮೇಲೆ ಬಿದ್ದದ್ದು ಅವಳ ಗಂಡನ ಮೈ.

"ನಾನಾಗಿ ಬೀಳ್ತಿಲ್ಲ ಕಣೇ!" ಅಂತ ಬಂಡೆ ಕೂಗಿದ.

"ಗೊತ್ತು ಕಣಯ್ಯ. ನನಗೆ ಗೊತ್ತಿಲ್ವಾ?"

ಸಂಜೆಯಾಯಿತು. ಗಾಳಿ ಬಿಸಿ ಹೊತ್ತು ಬಂದ. ಕೆರೆಯಲ್ಲಿ ಒಂದು ಬೊಗಸೆ ನೀರು ಉಳಿದಿತ್ತು. ಅವಳು ಆ ಬೊಗಸೆಯನ್ನೇ ಚಾಚಿದಳು. ಆಗಲಿಲ್ಲ. ಆಗಲೇ ಆ ಮಾತು ಹೇಳಿದ್ದು. ಇವತ್ತಿನ ಬಿಸಿ ನಿನ್ನ ಹತ್ರಾನೇ ಇಟ್ಕೊಳಯ್ಯ ಅಂದದ್ದು.

ಮೇಲೆ ಇನ್ನೊಂದು ಲಾರಿ ಸುರಿಯಿತು.

ಗಾಳಿ ಅಲ್ಲೇ ನಿಂತಿದ್ದ. ಹೊತ್ತು ತಂದ ಬಿಸಿ ಇನ್ನೂ ಅವನ ಹತ್ತಿರವೇ ಇತ್ತು. "ಭಾವ, ಇದನ್ನ ಏನ್ ಮಾಡ್ಲಿ?" ಅಂದ.

"ಇಲ್ಲಿ ಕೊಡು."

ಮರುದಿನ ಬೆಳಿಗ್ಗೆ ಸೂರ್ಯ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಮೋಡದ ಹಿಂದೆಯೇ ನಿಂತ.

"ಇವತ್ತು ಬೇಡ ಬಿಡು ಬಂಡೆಪ್ಪಾ. ನಾನು ಹಿಂಗೇ ಹೋಗ್ತೀನಿ."

"ಈಚೆ ಬಾ. ಎಷ್ಟಿದೆಯೋ ಅಷ್ಟೂ ಸುರಿ."

"ಸಂಜೆಗೆ ಎಲ್ಲಿ ಹಾಕ್ತೀಯ? ಆರಿಸೋಳು ಇಲ್ಲವಲ್ಲ."

"ನನ್ನ ಹತ್ರಾನೇ ಇಟ್ಕೋತೀನಿ. ಹೇಳಿ ಹೋಗಿದ್ದಾಳೆ. ಅವಳ ಮೇಲೆ ಮನೆ ಕಟ್ಟಿ ಅವರು ಹೆಂಗೆ ಮಲಗ್ತಾರೋ ನೋಡ್ತೀನಿ."

ಎಲ್ಲ ಗೋಡೆಗಳಲ್ಲೂ, ಎಲ್ಲ ಕಂಬಗಳಲ್ಲೂ, ಮೇಲಿನ ಅಟ್ಟದಿಂದ ಕೆಳಗಿನ ಮೆಟ್ಟಿಲಿನವರೆಗೂ ಬಂಡೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತ.

ಇವತ್ತು ಊಟ ಆದಮೇಲೆ ಮನೆಯ ಗೋಡೆಗೆ ಅಂಗೈ ಒತ್ತಿ ನೋಡು ಮಗು. ಕತ್ತಲಾದರೂ ಬಿಸಿ ಇರುತ್ತದಲ್ಲ, ಅದು ಆ ಬೆಳಿಗ್ಗೆ ಬಂಡೆ ತಗೊಂಡ ಬಿಸಿಲು, ಅವನು ಇನ್ನೂ ಯಾರಿಗೂ ಕೊಟ್ಟಿಲ್ಲ.