ನಾಲ್ಕು ನಿಂಬೆಹಣ್ಣು, ಏಳು ಮಡಿಕೆ

ಒಂದಾನೊಂದು ಊರಿನಲ್ಲಿ ಒಂದೇ ಒಂದು ದಾರಿ ಇತ್ತು. ಊರಿನ ಹೆಸರು ನವಣೆಕೆರೆ. ದಾರಿಗೆ ಹೆಸರಿರಲಿಲ್ಲ. ಒಂದೇ ಇರುವುದಕ್ಕೆ ಹೆಸರು ಯಾಕೆ?

ಆ ದಾರಿಯ ಮೇಲೆ ಮುರಿಗೆಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದ. ಬೆಳಿಗ್ಗೆ ಪೇಟೆಗೆ ಹೋದ, ಸಂಜೆ ನವಣೆಕೆರೆಗೆ ಬಂದ. ದಾರಿಯಲ್ಲಿ ಹನ್ನೊಂದು ತಿರುವು, ಇಪ್ಪತ್ತಾರು ಗುಂಡಿ, ಒಂದು ಹುಣಸೆಮರ. ಗುಂಡಿಗಳೆಲ್ಲ ಅವನಿಗೆ ಪರಿಚಯ. ಕಣ್ಣು ಮುಚ್ಚಿದರೂ ಸ್ಟೀರಿಂಗ್ ತಾನಾಗಿ ತಿರುಗುತ್ತಿತ್ತು. ಒಂದೇ ಬೇಸರ ಏನೆಂದರೆ, ಹತ್ತು ಮಾರಿಗೆ ಒಬ್ಬರು ಕೈ ಎತ್ತುತ್ತಿದ್ದರು. ಸಂತೆಗೆ ಹೋಗುವವರು ಎತ್ತಿದರು, ಸಂತೆಗೆ ಹೋಗದವರೂ ಎತ್ತಿದರು. ಸುಮ್ಮನೆ ಮೈ ಮುರಿಯುತ್ತಿದ್ದವರಿಗೂ ಮುರಿಗೆಪ್ಪ ಬ್ರೇಕು ಹಾಕಿದ.

ನಿವೃತ್ತನಾದ ದಿನ ಹೆಂಡತಿ ಹಾಲಮ್ಮನಿಗೆ ಹೇಳಿದ: "ಯಾರೂ ಕೈ ಎತ್ತದ ರಸ್ತೆಯಲ್ಲಿ ನಾಲ್ಕು ದಿನ ಗಾಡಿ ಓಡಿಸಬೇಕು ಕಣೇ."

"ಅಂಥ ರಸ್ತೆ ಈ ದೇಶದಲ್ಲಿ ಎಲ್ಲೈತ್ರೀ? ಬೇರೆ ದೇಶಕ್ಕೇ ಹೋಗಬೇಕು."

ಹೋದರು. ಆ ದೇಶದ ಹೆಸರು ಬಲದೇಶ. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಕ್ಕೇ ಓಡುತ್ತವೆ. ಅಲ್ಲಿನ ರಾಜನ ಹೆಸರು ಯಥಾಸ್ಥಿತಿರಾಯ. ಅವನಿಗೆ ಐದನೆಯ ವಯಸ್ಸಿನಲ್ಲಿ ಪಟ್ಟವಾಯಿತು. ಈಗ ಅರವತ್ತು. ಆದರೆ ಕಿರೀಟ ಅದೇ. ಕಿರೀಟ ಬದಲಿಸಿದರೆ ಎಲ್ಲವೂ ಬದಲಾಗಿಬಿಡುತ್ತದೆ ಎಂದು ಅವನ ಭಯ. ಹಾಗಾಗಿ ನೆತ್ತಿಯ ಮೇಲೆ ಚಹಾದ ಬಟ್ಟಲಿನ ಹಾಗೆ ಅದನ್ನಿಟ್ಟು, ಗದ್ದದ ಕೆಳಗೆ ದಾರ ಕಟ್ಟಿಕೊಂಡಿದ್ದ. ಆ ದೇಶದಲ್ಲಿ ಪಕ್ಕದ ಮನೆಯಿಂದ ಒಂದು ಲೋಟ ಮಜ್ಜಿಗೆ ತಂದರೆ ಅದೇ ಮಜ್ಜಿಗೆಯನ್ನು ವಾಪಸು ಕೊಡಬೇಕು. ಅದಕ್ಕೇ ಅಲ್ಲಿ ಯಾರೂ ಏನನ್ನೂ ಕುಡಿಯಲು ಕೇಳುವುದಿಲ್ಲ.

ರಾಜ ಇರುವುದು ಮಹಡಿಯ ಮೇಲೆ. ಬಾಡಿಗೆ ಕಾರು ಕೊಡುವ ಕಚೇರಿ ಅದೇ ಮಹಡಿಯ ಕೆಳಗೆ. ಚಿಕ್ಕ ದೇಶ, ಎಲ್ಲವೂ ಹತ್ತಿರ ಹತ್ತಿರ.

ಕಚೇರಿಯ ಗುಮಾಸ್ತ ಒಂದು ಬಿಳಿ ಕಾರು ತೋರಿಸಿದ. ಅದರ ಸುತ್ತ ಮೂರು ಸುತ್ತು ಬಂದ. "ಎಡ ಬಾಗಿಲಿನ ಮೇಲೆ ಅಕ್ಕಿಕಾಳಿನಷ್ಟು ಗೀರು, ನೋಡಿಕೊಳ್ಳಿ. ಹಿಂದೆ ಒಂದು ತಗ್ಗು, ನೋಡಿಕೊಳ್ಳಿ. ಒಳಗೆ ಒಂದು ನೊಣ ಇದೆ, ನೋಡಿಕೊಳ್ಳಿ."

"ನೊಣಾನೂ ವಾಪಸು ತರಬೇಕಾ?" ಎಂದ ಮುರಿಗೆಪ್ಪ.

"ನೊಣವನ್ನೂ ತರಬೇಕು. ಈಗ ಅಡವು ಇಡಿ."

"ಏನಿಡಬೇಕು?"

"ನಿಮ್ಮ ಮನೆಗೆ ಹೋಗುವ ದಾರಿ."

ಮುರಿಗೆಪ್ಪ ಬಾಯಿ ತೆರೆಯುವ ಮೊದಲೇ ಗುಮಾಸ್ತ ಅವನ ಅಂಗಿಯ ಜೇಬಿಗೆ ಕೈ ಹಾಕಿ ದಾರಿಯನ್ನು ಎಳೆದ. ಅದು ಪಂಚೆಯ ಹಾಗೆ ಸರಸರ ಹೊರಬಂತು. ಹನ್ನೊಂದು ತಿರುವು ಬಂತು, ಇಪ್ಪತ್ತಾರು ಗುಂಡಿ ಬಂತು, ಕೊನೆಗೆ ಹುಣಸೆಮರವೂ ಬಂತು. ಗುಮಾಸ್ತ ಅದನ್ನು ಒಂದು ಸಲ ಮಡಿಸಿದ. ಇನ್ನೊಂದು ಸಲ ಮಡಿಸಿದ. ಮತ್ತೊಂದು ಸಲ ಮಡಿಸಿದ. ಮೇಜಿನ ಖಾನೆಯೊಳಗಿಟ್ಟು, ಹೊರಗೆ ಚಾಚಿದ್ದ ಹುಣಸೆಮರದ ಕೊಂಬೆಯನ್ನು ಒಳಕ್ಕೆ ಒತ್ತಿ ಬೀಗ ಹಾಕಿದ.

ಆಮೇಲೆ ಗೋಡೆ ತೋರಿಸಿದ. ಅಲ್ಲಿ ಹೀಗೆ ಬರೆದಿತ್ತು: "ಹೇಗಿತ್ತೋ ಹಾಗೆ ವಾಪಸು ಕೊಡತಕ್ಕದ್ದು. ತಪ್ಪಿದವರ ಮನೆಯ ದಾರಿ ಎದುರಿನವರ ಪಾಲು. ಇದು ಇಸಿದುಕೊಂಡವರಿಗೂ ಸೈ, ಇಟ್ಟುಕೊಂಡವರಿಗೂ ಸೈ."

"ನಾಲ್ಕನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ತನ್ನಿ," ಎಂದ.

ಮುರಿಗೆಪ್ಪ ಮನಸ್ಸಿನಲ್ಲೇ ಮನೆಗೆ ಹೋಗಿ ನೋಡಿದ. ಪೇಟೆಯ ಬಸ್ ನಿಲ್ದಾಣದವರೆಗೆ ಹೋದ. ಅಲ್ಲಿಂದ ಮುಂದೆ ಏನೂ ಇಲ್ಲ, ಬರೀ ಬಿಳಿ. ಎದೆಯಲ್ಲಿ ಒಂದು ಹಲ್ಲು ಕಿತ್ತ ಹಾಗಾಯಿತು.

ಕಾರು ಗೇಟು ದಾಟಿತು. ಹಾಲಮ್ಮ ಹೇಳಿದಳು: "ರೀ, ನಿಲ್ಲಿಸ್ರಿ."

"ಯಾಕೆ?"

"ಪೂಜೆ ಮಾಡದೆ ಹೊಸ ಗಾಡಿ ಓಡಿಸ್ತಾರೇನ್ರೀ?"

"ಇದು ಹೊಸದಲ್ಲ. ನಮ್ಮದೂ ಅಲ್ಲ."

"ನಮಗೆ ಹೊಸದು. ನಾವು ಕೂತಷ್ಟು ಹೊತ್ತು ನಮ್ಮದು. ಇಳೀರಿ ಕೆಳಗೆ."

ಮೂವತ್ತು ವರ್ಷದಲ್ಲಿ ಮುರಿಗೆಪ್ಪನೂ ಬಸ್ಸಿಗೆ ಪೂಜೆ ಮಾಡದೆ ಆಯುಧಪೂಜೆಯ ದಿನ ಕಳೆದವನಲ್ಲ. ಇಳಿದ. ಹಾಲಮ್ಮ ಚೀಲ ಬಿಚ್ಚಿದಳು. ಸಮುದ್ರ ದಾಟಿ ಬಂದ ಚೀಲದಲ್ಲಿ ವಿಭೂತಿ ಇತ್ತು, ಕುಂಕುಮ ಇತ್ತು, ಕರ್ಪೂರ ಇತ್ತು, ಬಾಳೆಹಣ್ಣು ಇತ್ತು, ನಾಲ್ಕು ನಿಂಬೆಹಣ್ಣೂ ಇದ್ದವು. ಕಾರಿನ ಮೂಗಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ನಡುವೆ ಕುಂಕುಮದ ಬೊಟ್ಟಿಟ್ಟಳು. ಕರ್ಪೂರ ಬೆಳಗಿದಳು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು.

"ಹೂಂ, ಬಿಡ್ರಿ."

ಚಿಟ್, ಚಿಟ್, ಚಿಟ್, ಚಿಟ್.

ನಾಲ್ಕನೆಯ ಚಿಟ್ ಆದ ಕೂಡಲೇ ಕಾರು ಹೇಳಿತು: "ಅವ್ವಾ."

ಇಬ್ಬರೂ ಹಿಂದಿನ ಸೀಟು ನೋಡಿದರು. ನೊಣ ಮಾತ್ರ ಇತ್ತು.

"ನಾನೇ, ಕಾರು. ನನ್ನನ್ನು ನಾಲ್ಕು ಸಾವಿರ ಜನ ಓಡಿಸಿದ್ದಾರೆ. ನಾಲ್ಕು ಸಾವಿರ ಜನವೂ ಗೀರು ನೋಡಿದರು. ಮುಖ ನೋಡಿದವಳು ನೀನೊಬ್ಬಳೇ."

"ಅಯ್ಯೋ ಕೂಸೇ," ಎಂದಳು ಹಾಲಮ್ಮ. ಬಾಳೆಹಣ್ಣು ಸುಲಿದು ಅದರ ಮುಂದೆ ಇಟ್ಟಳು. ಕಾರು ತಿನ್ನಲಿಲ್ಲ. ನೊಣ ತಿಂದಿತು.

ಮೂರು ದಿನ ಓಡಿದರು. ಮುರಿಗೆಪ್ಪನ ಕೈ ಎಡಕ್ಕೆ ಎಳೆಯುತ್ತಿತ್ತು. ಕಾರು "ಅಪ್ಪಾ, ಬಲಕ್ಕೆ" ಎನ್ನುತ್ತಿತ್ತು. ಸಮುದ್ರ ಬಂತು, ಗುಡ್ಡ ಬಂತು. ರಸ್ತೆ ಹೋಳಿಗೆಯ ಹಾಗೆ ನುಣ್ಣಗಿತ್ತು. ಯಾರೂ ಕೈ ಎತ್ತಲಿಲ್ಲ. ಮೊದಲನೆಯ ದಿನ ಮುರಿಗೆಪ್ಪನಿಗೆ ಸ್ವರ್ಗವೇ ಸಿಕ್ಕಿತು. ಎರಡನೆಯ ದಿನವೂ ಯಾರೂ ಕೈ ಎತ್ತಲಿಲ್ಲ. ಅವನು ಕನ್ನಡಿಯಲ್ಲಿ ಹಿಂದೆ ನೋಡಿಕೊಂಡ. ಮೂರನೆಯ ದಿನ ಗಾಳಿಗೆ ಒಂದು ಮರ ಕೊಂಬೆ ಎತ್ತಿತು. ಮುರಿಗೆಪ್ಪ ಬ್ರೇಕು ಹಾಕಿದ.

"ಯಾರೂ ಹತ್ತಲಿಲ್ಲವಲ್ಲ ಅಪ್ಪಾ," ಎಂದಿತು ಕಾರು.

"ಹತ್ತೋದು ಬಿಡೋದು ಅವರಿಗೆ ಸೇರಿದ್ದು. ನಿಲ್ಲಿಸೋದು ನನ್ನ ಕೆಲಸ."

ಆಮೇಲೆ ಹಾಲಮ್ಮನ ಕಡೆ ತಿರುಗಿ, "ಮನೆಗೆ ಹೋಗೋಣ ಕಣೇ," ಎಂದ. ಮೂವತ್ತು ವರ್ಷದಲ್ಲಿ ಅವನು ಯಾವುದನ್ನೂ ಅಷ್ಟು ಮೆತ್ತಗೆ ಕೇಳಿರಲಿಲ್ಲ.

ಹಾಲಮ್ಮನಿಗೆ ಆಗ ನೆನಪಾಯಿತು. "ರೀ, ಹೇಗಿತ್ತೋ ಹಾಗೆ ಕೊಡಬೇಕಲ್ವಾ?"

ನಾಲ್ಕನೆಯ ದಿನ ಬೆಳಿಗ್ಗೆ ಒಂದು ಹಳ್ಳದ ದಡದಲ್ಲಿ ಕಾರು ತೊಳೆದರು. ಕುಂಕುಮ ಹೋಯಿತು, ವಿಭೂತಿ ಹೋಯಿತು. ಚಕ್ರದ ನಿಂಬೆಹಣ್ಣಿನ ಪರಿಮಳ ಹೋಗಲಿಲ್ಲ. ಕಾರಿನ ಮಾತಂತೂ ಹೋಗಲೇ ಇಲ್ಲ.

"ಕೂಸೇ, ಕೊಟ್ಟಾಗ ನೀನು ಮೂಗಿ. ಅಲ್ಲಿ ತುಟಿ ಪಿಟಕ್ ಅನ್ನಬಾರದು. ಅಂದರೆ ನಾವು ಮನೆಗೆ ಹೋಗೋ ಹಾಗಿಲ್ಲ."

"ಅನ್ನೋದಿಲ್ಲ ಅವ್ವಾ. ನನ್ನ ಇಂಜಿನ್ನಿನ ಆಣೆ."

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಚೇರಿಗೆ ಬಂದರು. ಗುಮಾಸ್ತ ಮೂರು ಸುತ್ತು ಬಂದ. ಗೀರು ಇತ್ತು. ತಗ್ಗು ಇತ್ತು. ನೊಣ ಇತ್ತು. "ನೊಣ ಸ್ವಲ್ಪ ದಪ್ಪಗಾಗಿದೆ," ಎಂದ.

"ಹವಾ ಹಿಡಿಸಿತು ಅದಕ್ಕೆ," ಎಂದಳು ಹಾಲಮ್ಮ.

"ಹೂಂ," ಎಂದು ಗುಮಾಸ್ತ ಬಾಗಿಲನ್ನು ಧಡಾರನೆ ಹಾಕಿದ.

"ಮೆಲ್ಲಗೆ ಹಾಕೋ ಮಾರಾಯಾ!" ಎಂದಿತು ಕಾರು.

ಆಯಿತು. ಗುಮಾಸ್ತ ಕಚೇರಿಯ ಗಂಟೆ ಬಾರಿಸಿದ. ಮಹಡಿಯ ಮೆಟ್ಟಿಲು ಇಳಿದು ಯಥಾಸ್ಥಿತಿರಾಯ ಬಂದ. ಗದ್ದದ ದಾರ ಬಿಗಿದುಕೊಂಡ. ಚಕ್ರ ಮೂಸಿದ. "ನಿಂಬೆಹಣ್ಣು!" ಎಂದ. ಕಾರಿನ ಕಡೆ ತಿರುಗಿ, "ಮಾತಾಡುತ್ತೀಯಾ?" ಎಂದ.

"ಇಲ್ಲ," ಎಂದಿತು ಕಾರು.

"ಏನಯ್ಯಾ, ಕೊಟ್ಟಾಗ ಮೂಗಿಯಾಗಿದ್ದ ಕಾರು ಈಗ ಸುಳ್ಳನ್ನೂ ಹೇಳುತ್ತಿದೆ. ಹೇಗಿತ್ತೋ ಹಾಗಿಲ್ಲ. ನಿನ್ನ ದಾರಿ ನನ್ನದು."

ಮುರಿಗೆಪ್ಪ ಕೈ ಮುಗಿದ. "ಸ್ವಾಮಿ, ದಾರಿ ಇಲ್ಲದಿದ್ದರೆ ವಿಮಾನ ಇಳಿದು ನಾವು ಎಲ್ಲಿಗೆ ಹೋಗೋಣ? ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ವಿ, ಅದಕ್ಕೇ ಇದಕ್ಕೆ ಮಾತು ಬಂತು. ಮೊದಲಿನ ಹಾಗೆ ಮಾಡಿಕೊಡ್ತೀನಿ. ಏನು ಮಾಡಬೇಕು ಹೇಳಿ."

"ಹಿಂಡಿದ ನಿಂಬೆಹಣ್ಣನ್ನು ಇಡಿ ಮಾಡು. ನಿಂಬೆಹಣ್ಣು ಇಡಿಯಾದರೆ ಪೂಜೆ ಆಗಿಲ್ಲ ಅಂತ ಅರ್ಥ. ಪೂಜೆ ಆಗದಿದ್ದರೆ ಕಾರಿಗೆ ಮಾತು ಬಂದಿಲ್ಲ ಅಂತ ಅರ್ಥ."

ಮಾತು ಸರಿಯಾಗಿಯೇ ಇತ್ತು. ಗೇಟಿನ ಹೊರಗೆ ಬಿದ್ದಿದ್ದ ನಾಲ್ಕು ಸಿಪ್ಪೆಗಳನ್ನು ಆರಿಸಿ ತಂದರು. ಮುಂದಕ್ಕೆ ಹೋದಾಗ ಒಡೆದದ್ದು ಹಿಂದಕ್ಕೆ ಬಂದರೆ ಕೂಡಬೇಕು ಎಂದು ಲೆಕ್ಕ ಹಾಕಿ ಮುರಿಗೆಪ್ಪ ಕಾರನ್ನು ರಿವರ್ಸ್ ತೆಗೆದ. ಹಾಲಮ್ಮ "ಬರ್ಲಿ, ಬರ್ಲಿ, ಬರ್ಲಿ" ಎಂದು ಹಿಂದೆ ನಿಂತು ಕಾರನ್ನು ತಟ್ಟಿದಳು. ಸಿಪ್ಪೆ ಇನ್ನಷ್ಟು ಚಪ್ಪಟೆಯಾಯಿತು. ಮತ್ತೆ ರಿವರ್ಸ್ ತೆಗೆದ. ಸಿಪ್ಪೆ ಹಪ್ಪಳವಾಯಿತು. ರಾಜ ತಲೆ ಅಲ್ಲಾಡಿಸಿದ. ಕಿರೀಟ ಅಲ್ಲಾಡಿತು.

ಮುರಿಗೆಪ್ಪ ಕಾರು ನಿಲ್ಲಿಸಿ ಕೆಳಗಿಳಿದ. ಹೆಚ್ಚು ಮಾತಾಡುವವನಲ್ಲ. ಒಂದೇ ಮಾತು ಕೇಳಿದ: "ಸ್ವಾಮಿ, ದಾರಿ ನಿಮ್ಮದೇ ಆಗಲಿ. ನಾನು ಮೂವತ್ತು ವರ್ಷ ಓಡಾಡಿದ್ದು. ಕೊನೆಗೊಮ್ಮೆ ನಡೆದು ನೋಡ್ತೀನಿ."

ನೋಡುವುದು ಬೇಡವೆಂದು ಗೋಡೆಯ ಮೇಲೆ ಬರೆದಿರಲಿಲ್ಲ. ಗುಮಾಸ್ತ ಖಾನೆ ತೆರೆದು ದಾರಿಯನ್ನು ಕೊಡವಿ ನೆಲದ ಮೇಲೆ ಹಾಸಿದ. ಹುಣಸೆಮರ ಎದ್ದು ನಿಂತು ಸೀನಿತು. ಮುರಿಗೆಪ್ಪ ಕಣ್ಣು ಮುಚ್ಚಿಕೊಂಡು ನಡೆದ. ನೋಡಿದರೆ ಅಳು ಬರುತ್ತದೆ ಎಂದು ಕಣ್ಣು ಮುಚ್ಚಿದ್ದು. ಮೊದಲನೆಯ ಗುಂಡಿ ಬಂತು, ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಎರಡನೆಯದು ಬಂತು, ಸರಿಯಿತು. ಮೂರನೆಯದು ಬಂತು, ಸರಿಯಿತು. ಆಮೇಲೆ ಎಡವಿ ಮೊಣಕಾಲೂರಿ ಬಿದ್ದ.

ಕಣ್ಣು ತೆರೆದ. ಕೈಯಿಂದ ತಡವಿದ.

"ಗುಂಡಿಗಳೆಲ್ಲ ನನ್ನವೇ," ಎಂದ. "ಈ ಉಬ್ಬು ನನ್ನದಲ್ಲ."

"ಯಾವ ಉಬ್ಬು?" ಎಂದ ರಾಜ.

ಹಾಲಮ್ಮ ಬಗ್ಗಿ ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು. "ದೊರೆಗಳೇ, ಇದು ಮಡಿಕೆ! ನಮ್ಮ ದಾರಿನ ಮಡಿಸಿ ಮಡಿಸಿ ಹಾಳು ಮಾಡೀರಿ. ಇಲ್ಲೊಂದು, ಅಲ್ಲೊಂದು, ಹುಣಸೆಮರದ ಬುಡದಾಗೊಂದು. ಒಟ್ಟು ಏಳು ಅದಾವ. ಹೇಗಿತ್ತೋ ಹಾಗೈತೇನು ಇದು?"

ರಾಜನ ಮುಖ ಸುಣ್ಣದಂತಾಯಿತು. ಗುಮಾಸ್ತ ಇಸ್ತ್ರಿ ಪೆಟ್ಟಿಗೆ ತಂದು ಉಜ್ಜಿದ. ಡಾಂಬರು ಕರಗಿ ಪೆಟ್ಟಿಗೆಗೆ ಅಂಟಿತು. ರಾಜನೇ ಒಂದು ಮಡಿಕೆಯ ಮೇಲೆ ಕುಳಿತ. ಎದ್ದಾಗ ಮಡಿಕೆಯೂ ಅವನ ಜೊತೆಗೇ ಎದ್ದಿತು. ಕೊನೆಗೆ ಗುಮಾಸ್ತ ಗೋಡೆಯ ಕಡೆ ನೋಡಿದ. ನೋಡಬಾರದಿತ್ತು. "ಇಟ್ಟುಕೊಂಡವರಿಗೂ ಸೈ," ಎಂದು ಓದಿದ. ಕಾನೂನು ಕಾನೂನೇ. ರಾಜನ ಜೇಬಿಗೆ ಕೈ ಹಾಕಿ ಅವನ ಮನೆಯ ದಾರಿಯನ್ನು ಎಳೆದ. ಬಂದದ್ದು ಮಹಡಿಯ ಮೆಟ್ಟಿಲು. ಅದನ್ನು ಮಡಿಸಿ ಮುರಿಗೆಪ್ಪನ ಕೈಗೆ ಕೊಟ್ಟ.

ರಾಜ ತಲೆ ಎತ್ತಿ ನೋಡಿದ. ಮಹಡಿ ಮೇಲಿತ್ತು. ಅವನು ಕೆಳಗಿದ್ದ. ಮೇಲಿನಿಂದ ರಾಣಿ ಕೂಗಿದಳು: "ಅನ್ನ ಆರಿಹೋಗ್ತಿದೆ, ಬರ್ತೀರೋ ಇಲ್ಲವೋ?"

"ಬರೋಕಾಗೋದಿಲ್ಲ!" ಎಂದ ರಾಜ. ಅವನ ಗದ್ದ ನಡುಗಿತು. ದಾರ ಕಿತ್ತುಹೋಯಿತು. ಕಿರೀಟ ಉರುಳಿ ಮೇಜಿನ ಕೆಳಗೆ ಸೇರಿತು. ಐವತ್ತೈದು ವರ್ಷದ ಮೇಲೆ ನೆತ್ತಿಗೆ ಗಾಳಿ ತಗುಲಿತು.

ಮೆಟ್ಟಿಲನ್ನು ಕೈಯಲ್ಲಿ ಹಿಡಿದ ಮುರಿಗೆಪ್ಪ ರಾಜನ ಮುಖ ನೋಡಿದ. ಆ ಮುಖವನ್ನು ಅವನು ಅವತ್ತು ಬೆಳಿಗ್ಗೆ ಕಾರಿನ ಕನ್ನಡಿಯಲ್ಲಿ ಕಂಡಿದ್ದ.

"ತಗೊಳ್ಳಿ ಸ್ವಾಮಿ," ಎಂದು ಮೆಟ್ಟಿಲು ಚಾಚಿದ. "ನೀವು ಮನೆಗೆ ಹೋಗಿ, ನಾವೂ ಹೋಗ್ತೀವಿ. ನಿಂಬೆಹಣ್ಣು ನೀವು ಮರೀರಿ, ಮಡಿಕೆ ನಾವು ಮರೀತೀವಿ."

ರಾಜ ಮೆಟ್ಟಿಲನ್ನು ಬಿಡಿಸಿ ನೋಡಿದ. ಮಡಿಸಿದ್ದಕ್ಕೆ ಗುರುತೇ ಇರಲಿಲ್ಲ. ಮೆಟ್ಟಿಲು ಹುಟ್ಟಿದಾಗಿನಿಂದ ಮಡಿಕೆಯಾಗಿಯೇ ಇದ್ದದ್ದು. "ಹೇಗಿತ್ತೋ ಹಾಗೇ ಇದೆ!" ಎಂದು ಕುಣಿದ. ಎರಡೆರಡು ಮೆಟ್ಟಿಲು ಹಾರಿ ಊಟಕ್ಕೆ ಓಡಿದ. ಕಿರೀಟ ಮರೆತ.

ಮುರಿಗೆಪ್ಪ ದಾರಿಯನ್ನು ಈ ಸಲ ಚಾಪೆಯ ಹಾಗೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಹಾಲಮ್ಮ ಉಳಿದ ಕುಂಕುಮವನ್ನು ಗುಮಾಸ್ತನಿಗೆ ಕೊಟ್ಟು, "ಅಮಾವಾಸ್ಯೆಗೊಂದು ನಿಂಬೆಹಣ್ಣು ತಪ್ಪಿಸಬ್ಯಾಡಪ್ಪಾ. ಬಾಗಿಲು ಮೆಲ್ಲಗೆ ಹಾಕು," ಎಂದಳು.

"ಹೋಗಿ ಬನ್ನಿ ಅಪ್ಪಾ, ಹೋಗಿ ಬಾರವ್ವಾ," ಎಂದಿತು ಕಾರು.

"ಹೋಗ್ತೀವಿ ಕೂಸೇ. ಬರೋದು ಇನ್ನೊಮ್ಮೆ ನೋಡೋಣ," ಎಂದ ಮುರಿಗೆಪ್ಪ. ನೊಣವೂ ಕಿಟಕಿಯ ತನಕ ಬಂದು ಬೀಳ್ಕೊಟ್ಟಿತು.

ಪೇಟೆಯ ಬಸ್ ನಿಲ್ದಾಣದ ಮುಂದೆ ದಾರಿಯನ್ನು ಬಿಡಿಸಿ ಹಾಸಿದರು. ಅದು ಗಡಗಡನೆ ಉರುಳಿ ನವಣೆಕೆರೆ ಮುಟ್ಟಿತು. ನಾಲ್ಕು ದಿನದಿಂದ ಅಲ್ಲಿ ಕಾಯುತ್ತಿದ್ದವರೆಲ್ಲ ಒಟ್ಟಿಗೆ ಕೈ ಎತ್ತಿದರು. ಮುರಿಗೆಪ್ಪನಿಗೆ ಅಷ್ಟು ಕೈ ಕಂಡು ಕಣ್ಣು ತುಂಬಿತು.

ಏಳು ಮಡಿಕೆ ಮಾತ್ರ ಹಾಗೇ ಉಳಿದವು. ಇಂದಿಗೂ ನವಣೆಕೆರೆಯ ರಸ್ತೆಯಲ್ಲಿ ಏಳು ಉಬ್ಬುಗಳಿವೆ. ಜನ ಬೈಯುತ್ತಾರೆ, ಅರ್ಜಿ ಬರೆಯುತ್ತಾರೆ, ಹೆಂಗಸರು ಮೊಸರಿನ ಗಡಿಗೆಯನ್ನು ತಬ್ಬಿಕೊಳ್ಳುತ್ತಾರೆ. ಮುರಿಗೆಪ್ಪ ಮುಂದಿನ ಸೀಟಿನಲ್ಲಿ ಕುಳಿತು, ಬಸ್ಸು ಎಗರಿದಾಗಲೆಲ್ಲ ತಲೆಯನ್ನು ಸೂರಿಗೆ ಬಡಿಸಿಕೊಂಡು, "ಸದ್ಯ" ಎನ್ನುತ್ತಾನೆ. ಏಳು ಸಲ ತಲೆ ಬಡಿಯುತ್ತದೆ, ಏಳು ಸಲ "ಸದ್ಯ" ಎನ್ನುತ್ತಾನೆ. ಏಳನೆಯದು ಮುಗಿದ ಮೇಲೆ ಮನೆ.

ಕತೆಯ ನೀತಿ ಇಷ್ಟೆ: ಪರದೇಶದಲ್ಲಿ ಯಾರಾದರೂ ನಿಮ್ಮ ದಾರಿಯನ್ನು ಅಡವು ಕೇಳಿದರೆ ಧಾರಾಳವಾಗಿ ಕೊಡಿ. ಮಡಿಸಲು ಮಾತ್ರ ಬಿಡಬೇಡಿ, ಸುತ್ತಿಸಿ ಇಡಿಸಿ. ಅವರು ಅಲ್ಲಿ ಬಲಕ್ಕೆ ಸುಖವಾಗಿದ್ದಾರೆ, ನಾವು ಇಲ್ಲಿ ಎಡಕ್ಕೆ ಸುಖವಾಗಿದ್ದೇವೆ. ಏಳಿ, ಕೈ ಎತ್ತಿ. ಬಸ್ಸು ಬಂತು.