ಎರಡನೇ ಮೇಜು

ಹುಬ್ಬಳ್ಳಿಯ ಒಂದು ಬಡಾವಣೆಯ ಸಂಘದ ಸಭಾಂಗಣದಲ್ಲಿ ಹಳೆಬಟ್ಟೆ ಅದಲು-ಬದಲಿನ ದಿನ. ಬಾಗಿಲಾಚೆ ಜನ ಗದ್ದಲವೆಬ್ಬಿಸಿದ್ದರು. ಆಗಲೇ ಸಂಘದ ಅಧ್ಯಕ್ಷೆ ಶಕುಂತಲಾಬಾಯಿ ಬುಸುಗುಡುತ್ತ ಬಂದರು.

“ಕೆಲಸದವರ ಅರಿವಿ ನಮ್ಮವರ ಜೋಡಿ ಯಾಕ ಕಲಸಿದಿ? ಬ್ಯಾರೆ ಮೇಜಿಗೆ ಹಾಕು, ಲಗೂನ!”

ಗಂಟು ಬಿಚ್ಚಿ ಬಟ್ಟೆ ಜೋಡಿಸಿದ್ದವಳು ಕಸಗುಡಿಸುವ ನೀಲವ್ವ. ಅವಳ ಸೀರೆಯೂ ಅಲ್ಲೇ ಇತ್ತು.

“ನನಗೇನ್ ತಿಳೀತೈತ್ರೀ ಬಾಯಾರ? ನೀವ ಆರಿಸ್ರಿ.”

ಅಧ್ಯಕ್ಷೆ ಸರಸರ ಆರಿಸಿದರು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಕಂಡು “ಇದು ನಮ್ಮವರದು” ಎಂದರು. ಕಾಲರ್ ಸವೆದ ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ, “ಥೂ, ಕೆಲಸದವರದು!” ಎಂದು ಎರಡನೇ ಮೇಜಿಗೆ ಎಸೆದರು.

ನೀಲವ್ವ ಮೆಲ್ಲಗೆ ಹೇಳಿದಳು: “ಆ ಸೀರಿ ನಂದ್ರೀ. ಈ ಅಂಗಿ ನಿಮ್ಮ ಸೊಸಿ ಕೊಟ್ಟ ಗಂಟಿನಾಗಿಂದು, ನಿಮ್ಮ ಯಜಮಾನರದು. ನಾಳಿಂದ ಅವರು ನನ್ನ ಜೋಡಿ ಕಸಬರಗಿ ಹಿಡೀತಾರೇನ್ರೀ?”

ಅಧ್ಯಕ್ಷೆ ಎರಡೂ ಮೇಜುಗಳನ್ನು ತಾವೇ ಎಳೆದು ಕೂಡಿಸತೊಡಗಿದರು.