ಡಿವಿಡಿಯ ಕೊನೆಯ ಸುತ್ತು

ಮಧ್ಯಾಹ್ನ ಮೂರು ಗಂಟೆ. ಸುಡು ಸೆಖೆ. ಹಾಜರಿದ್ದವರು ಗೀರುಬಿದ್ದ ಡಿವಿಡಿ, ಕಂಪ್ಯೂಟರು, ಹಳೆಯ ಟಿವಿ.

ಡಿವಿಡಿಯಲ್ಲಿ ಆ ಮನೆಯ ತೀರಿಹೋದ ಅಜ್ಜಿ ಗಿರಿಜವ್ವನ ಜೋಗುಳವಿತ್ತು. "ಇನ್ನೊಂದೇ ಸಲ ತಿರುಗಬಲ್ಲೆ. ಆಕೆಯ ದನಿ ಉಳಿಸಿಕೊಡು," ಎಂದು ಅದು ಕಂಪ್ಯೂಟರನ್ನು ಬೇಡಿತು.

"ಎಂಪಿ4 ಮಾಡಯ್ಯ, ಚಿಕ್ಕದಾಗಿ ಹಿಂಡು. ಬೇರೆ ಫೈಲು ನನಗೆ ಜೀರ್ಣವಾಗದು," ಎಂದಿತು ಟಿವಿ.

ಕಂಪ್ಯೂಟರು ಒಪ್ಪಲಿಲ್ಲ. ಹಾಡಿನ ನಡುವಿನ ಕೆಮ್ಮನ್ನೂ ಬಿಡದೆ, ಎಲ್ಲವನ್ನೂ ಹಿಂಡದೆ ಇದ್ದಂತೆಯೇ ಎಂಕೆವಿ ಎಂಬ ದೊಡ್ಡ ಬಗೆಯ ಫೈಲಿಗೆ ಇಳಿಸಿಕೊಂಡಿತು. ಡಿವಿಡಿ ನಿಂತಿತು, ಮತ್ತೆ ತಿರುಗಲಿಲ್ಲ.

ಆ ಫೈಲನ್ನು ತೆರೆಯಲಾರದ ಟಿವಿ ಹಂಗಿಸಿತು: "ಪಂಡಿತರೇ, ಹಾಡೆಲ್ಲಿ?"

ಕಂಪ್ಯೂಟರು ಆ ದೊಡ್ಡ ಫೈಲಿನಿಂದಲೇ ಚಿಕ್ಕದೊಂದು ಎಂಪಿ4 ಪ್ರತಿ ತೆಗೆದು ಕೊಟ್ಟಿತು. ಟಿವಿಯಲ್ಲಿ ಗಿರಿಜವ್ವ ಹಾಡಿದಳು. ಹಾಡು ಮುಗಿದ ಮೇಲೆ ಕಂಪ್ಯೂಟರು ಗಟ್ಟಿಯಾಗಿ ತೀರ್ಪು ನುಡಿಯಿತು: "ಪ್ರತಿ ನಿನಗೆ ಒಗ್ಗುವಂತಿರಲಿ. ಮೂಲವನ್ನು ನಿನ್ನ ಹೊಟ್ಟೆಯ ಅಳತೆಗೆ ಕತ್ತರಿಸಲಾಗದು."